ಆಯಿಗೆ ಹೆದರಿಕೆಯಿತ್ತು

ನಮ್ಮ ಮನೆಯಲ್ಲಿ ಹಬ್ಬಕ್ಕೋ ಕುಪ್ಪಸಕ್ಕೋ ನಾಲ್ಕು ಜನ ಸೇರಿದರೆ ನಮ್ಮ ಅಜ್ಜಿಯ, ಅಂದರೆ ಆಯಿಯ, ಮಾತು ಬಾರದೆ ಇರುವುದಿಲ್ಲ. 1948ರ ಮಳೆಗಾಲದಲ್ಲಿ ಆಕೆ ನಿಜಾಮರ ಪರ ಆಯುಧ ಹಿಡಿದಿದ್ದ ರಜಾಕಾರರ ಎದುರು ಕುಡುಗೋಲು ಹಿಡಿದು ನಿಂತಳೆಂಬ ಕಥೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇದೆ. ದೊಡ್ಡಪ್ಪ ಹೇಳುವಾಗ ಬಂದವರು ಮೂವರಿದ್ದರು. ಕಳೆದ ದೀಪಾವಳಿಗೆ ಅಣ್ಣನ ಬಾಯಲ್ಲಿ ಅವರು ಹನ್ನೆರಡಾದರು.

ಆ ಕಥೆಯ ಬಗ್ಗೆ ನನಗೆ ತಕರಾರಿದೆ. ಕೊಪ್ಪಳ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ತುಂಗಭದ್ರೆಯ ಆಚೆ ದಂಡೆಯ ಹೊಸಪೇಟೆ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಹಿಂದಿನ ವರ್ಷವೇ ಸ್ವತಂತ್ರವಾಗಿತ್ತು. ಹೊಳೆ ದಾಟಿದರೆ ಜೀವ ಉಳಿಯುತ್ತದೆಂದು ಹೋದವರ ಸಾಲಿನಲ್ಲಿ ಆಯಿಯ ಗಂಡ, ನಮ್ಮ ಮುತ್ಯಾನೂ ಇದ್ದ. ಇಬ್ಬರು ಗಂಡುಮಕ್ಕಳನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಆತ ದಾಟಿದ. ಏಳು ತಿಂಗಳ ಬಸುರಿ ಆಯಿ ಉಳಿದಳು. ಕಥೆ ಹೇಳುವ ದೊಡ್ಡಪ್ಪ, ಅಂದರೆ, ಆಗ ಐದು ವರ್ಷದವನಾಗಿ ಹೊಸಪೇಟೆಯಲ್ಲಿದ್ದ. ಊರಲ್ಲಿ ಉಳಿದದ್ದು ಆಯಿ, ಹಾಸಿಗೆ ಹಿಡಿದ ಆಕೆಯ ಅತ್ತೆ, ಮತ್ತು ಹೊಟ್ಟೆಯೊಳಗಿದ್ದ ನನ್ನ ಸೋದರತ್ತೆ.

ಆ ಸೋದರತ್ತೆಗೆ ಆಯಿ ರೊಟ್ಟಿ ಬಡಿಯುತ್ತ ಹೇಳಿದ್ದೇ ಬೇರೆ. "ನಾ ಏನ್ ಹುಲಿ ಆಗಿದ್ನೇನ? ತುಂಬಿದ ಹೊಳಿ ಕಂಡ ಕೈಕಾಲು ನಡಗಿದ್ವು, ಅದಕ್ಕ ಹರಗೋಲ ಹತ್ತಲಿಲ್ಲ." ರಾತ್ರಿಯಾದರೆ ತನ್ನ ಅತ್ತೆಯನ್ನು ಕಂಬಳಿಯಲ್ಲಿ ಸುತ್ತಿ ಸಜ್ಜೆ ಹೊಲಕ್ಕೆ ಹೊತ್ತೊಯ್ದು ಅಲ್ಲೇ ಮಲಗುತ್ತಿದ್ದಳಂತೆ. ಕಾಳು ತೀರಿದಾಗ ಒಬ್ಬಳೇ ಹಗೇವಿನ, ಅಂದರೆ ನೆಲದಡಿಯ ಕಾಳಿನ ಗುಂಡಿಯ, ಬಾಯಿ ತೆರೆದಳು. ಮುಚ್ಚಿಟ್ಟ ಹಗೇವಿನ ಗಾಳಿ ಕೆಟ್ಟಿರುತ್ತದೆ, ಇಳಿದವರ ಉಸಿರು ಕಟ್ಟುತ್ತದೆ. ಆದ್ದರಿಂದ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟಳು, ದೀಪ ಆರಿತು. ಕಾದಳು. ಮತ್ತೆ ಬಿಟ್ಟಳು, ಮತ್ತೆ ಆರಿತು. ಬೆಳಕನ್ನು ಯಾರಾದರೂ ಕಂಡಾರೆಂದು ಸೆರಗನ್ನು ಅಡ್ಡ ಹಿಡಿದು ಕೂತಿದ್ದ ಆ ಹೊತ್ತು, ಹೆರುವುದಕ್ಕಿಂತ ದೊಡ್ಡದಿತ್ತು ಎಂದು ಆಕೆ ಹೇಳುತ್ತಿದ್ದಳು. ಮೂರನೆಯ ಸಲ ದೀಪ ನಿಂತಿತು. ಎರಡು ಬುಟ್ಟಿ ಜೋಳ ತೆಗೆದು, ಬಾಯಿ ಮುಚ್ಚಿ, ಮೇಲೆ ಸಗಣಿ ಸಾರಿಸಿದಳು.

ಸೆಪ್ಟೆಂಬರ್ 17ರಂದು ನಿಜಾಮರು ಶರಣಾದ ಮೇಲೆ ಮುತ್ಯಾ ಮರಳಿದ, ಸಾಲ ಹೊತ್ತುಕೊಂಡು. ಹೊಸಪೇಟೆಯ ಸಾಹುಕಾರ ಆ ದಂಡೆಯ ರೂಪಾಯಿ ಕಲ್ದಾರಿಗೂ ನಿಜಾಮರ ರೂಪಾಯಿ ಹಾಲಿ ಸಿಕ್ಕಕ್ಕೂ ತನಗೆ ತೋಚಿದ ದರ ಹಿಡಿದಿದ್ದ. ಅಕ್ಷರ ಬಾರದ ಆಯಿ, ಆರು ಕಲ್ದಾರಿಗೆ ಏಳು ಹಾಲಿ ಎಂದು ಬೆರಳೆಣಿಸಿ ಅವನ ಲೆಕ್ಕ ತಿದ್ದಿಸಿದಳು. ಇದನ್ನು ನಮ್ಮ ಮನೆಯ ಗಂಡಸರು ಹೇಳುವುದಿಲ್ಲ, ಇದರಲ್ಲಿ ಕುಡುಗೋಲಿಲ್ಲವಲ್ಲ!

ಆಯಿಯನ್ನು ಹುಲಿ ಮಾಡುವುದರಲ್ಲಿ ಒಂದು ಅನುಕೂಲವಿದೆ ಎಂದು ನನಗೆ ಈಚೆಗೆ ಅನ್ನಿಸುತ್ತದೆ. ಹುಲಿಯನ್ನು ಬಿಟ್ಟುಹೋದವನನ್ನು ಯಾರೂ ಏಕೆ ಬಿಟ್ಟುಹೋದೆ ಎಂದು ಕೇಳುವುದಿಲ್ಲ. ಮುತ್ಯಾ ಕೆಟ್ಟವನೇನಲ್ಲ, ಆತನಿಗೂ ಹೆದರಿಕೆಯಿತ್ತು. ಇಬ್ಬರ ಹೆದರಿಕೆಯನ್ನೂ ಹೇಳಿದರೆ ಮಾತ್ರ ಆ ರಾತ್ರಿ ಹಗೇವಿನ ಬಾಯಲ್ಲಿ ಕೂತವಳು ನನಗೆ ಕಾಣಿಸುತ್ತಾಳೆ.

ಕುಡುಗೋಲು ದೊಡ್ಡಪ್ಪನ ಪಡಸಾಲೆಯ ಗೋಡೆಯ ಮೇಲಿದೆ. ತಾನು ಮದುವೆಯಾದ ವರ್ಷ ಕೊಪ್ಪಳದ ಸಂತೆಯಲ್ಲಿ ತನ್ನ ಎದುರಿಗೇ ಕೊಂಡದ್ದು ಅದು ಎಂದು ಸೋದರತ್ತೆ ಒಮ್ಮೆ ಹೇಳಿದಳು. ದೊಡ್ಡಪ್ಪ ನಕ್ಕು, "ಇರಲಿ ಬಿಡವಾ" ಎಂದ.