ಮೂರೂವರೆ ಮಿಲಿಮೀಟರಿನ ತೂತು

ಹೊಸ ಫೋನನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಮೊದಲು ಪರದೆಯನ್ನು ನೋಡುತ್ತಾರೆ, ಆಮೇಲೆ ಬೆನ್ನು ತಿರುಗಿಸಿ ಕ್ಯಾಮೆರಾಗಳನ್ನು ಎಣಿಸುತ್ತಾರೆ. ಅಂಚುಗಳ ಮೇಲೆ ಬೆರಳಾಡಿಸಿ ನೋಡುವ ಒಂದು ಸಣ್ಣ ಪಂಗಡವೂ ಇದೆ. ನಾನು ಆ ಪಂಗಡದ ಪೈಕಿ. ಕೆಳ ಅಂಚಿನ ನಡುವೆ ಚಾರ್ಜಿನ ಕಿಂಡಿ, ಅದರ ಪಕ್ಕದಲ್ಲಿ ಸ್ಪೀಕರಿನ ತೂತುಗಳ ಸಾಲು, ಮೇಲಿನ ಅಂಚಿನಲ್ಲಿ ಮೈಕಿಗೆಂದು ಸೂಜಿಮೊನೆಯಷ್ಟು ರಂಧ್ರ, ಮಗ್ಗುಲಲ್ಲಿ ಸಿಮ್ಮಿನ ತಟ್ಟೆಯನ್ನು ಚುಚ್ಚಿ ಹೊರತೆಗೆಯಲು ಅಂಥದೇ ಇನ್ನೊಂದು. ಇಷ್ಟೆಲ್ಲ ತೂತುಗಳನ್ನು ಸಾಕಿಕೊಂಡಿರುವ ಯಂತ್ರ, ಹೆಡ್‌ಫೋನಿನ ಪಿನ್ನು ಸೇರುತ್ತಿದ್ದ ಆ ದುಂಡನೆಯ ತೂತಿಗೆ ಮಾತ್ರ ತನ್ನಲ್ಲಿ ಜಾಗವಿಲ್ಲ ಎನ್ನುತ್ತದೆ.

ಅದರ ವಂಶಾವಳಿಯನ್ನು ನೋಡಿದರೆ ಹೀಗೆ ಹೊರಹಾಕಿಸಿಕೊಳ್ಳಬೇಕಾದ ತೂತಲ್ಲ ಅದು. 1870ರ ದಶಕದ ಕೊನೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳು ಶುರುವಾದಾಗ ಒಬ್ಬರ ತಂತಿಯನ್ನು ಇನ್ನೊಬ್ಬರ ತಂತಿಗೆ ಕೈಯಾರೆ ಕೂಡಿಸಬೇಕಾಗಿತ್ತು. ತೂತುಗಳೇ ತುಂಬಿದ ಹಲಗೆಯೊಂದರ ಮುಂದೆ ಕುಳಿತ ಆಪರೇಟರುಗಳು ಹುರಿಯ ತುದಿಯಲ್ಲಿದ್ದ ಪಿನ್ನನ್ನು ಒಂದರಿಂದ ಕಿತ್ತು ಇನ್ನೊಂದಕ್ಕೆ ಚುಚ್ಚುತ್ತ ಊರೂರಿನ ಮಾತುಗಳನ್ನು ಬೆಸೆಯುತ್ತಿದ್ದರು. ಆ ಕಾಲದ 6.35 ಮಿ.ಮೀ. ದಪ್ಪದ ಪಿನ್ನಿನ ಸಂತತಿ ಎಲೆಕ್ಟ್ರಿಕ್ ಗಿಟಾರುಗಳಲ್ಲಿ, ಆಂಪ್ಲಿಫೈಯರುಗಳಲ್ಲಿ ಇವತ್ತಿಗೂ ಅದೇ ಅಳತೆಯಲ್ಲಿ ಬದುಕಿದೆ. ಟ್ರಾನ್ಸಿಸ್ಟರ್ ರೇಡಿಯೊಗಳು ಜೇಬಿಗೆ ಇಳಿಯುವಷ್ಟು ಚಿಕ್ಕದಾದಾಗ ಪಿನ್ನೂ ಮೈ ಕರಗಿಸಿಕೊಂಡು 3.5 ಮಿ.ಮೀ.ಗೆ ಬಂದಿತು. ಟೆಲಿಫೋನಿಗಾಗಿಯೇ ಹುಟ್ಟಿದ ತೂತನ್ನು ಕಡೆಗೆ ಟೆಲಿಫೋನಿನಿಂದಲೇ ಹೊರಗೆ ಹಾಕಿದ್ದಾರೆ ಎಂಬುದು ಯಾರಿಗೂ ಅಷ್ಟಾಗಿ ಹೊಳೆದಂತಿಲ್ಲ.

1979ರ ಜುಲೈಯಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಮೊದಲ ವಾಕ್‌ಮನ್‌ನಲ್ಲಿ ಇಂಥ ತೂತು ಒಂದಲ್ಲ, ಎರಡಿದ್ದವು. ಹಾಡನ್ನು ಒಬ್ಬನೇ ಕೇಳುವುದು ಸಂಕೋಚದ ಕೆಲಸ, ಜೊತೆಗೊಬ್ಬರು ಇದ್ದೇ ಇರುತ್ತಾರೆ ಎಂದು ಅದನ್ನು ಮಾಡಿದವರು ಎಣಿಸಿದ್ದರು. ಇಬ್ಬರೂ ಕಿವಿ ಮುಚ್ಚಿಕೊಂಡು ಕುಳಿತರೆ ಮಾತಾಡುವುದು ಹೇಗೆ ಎಂಬ ಪ್ರಶ್ನೆಗೂ ಉತ್ತರವಿತ್ತು: ಕಿತ್ತಳೆ ಬಣ್ಣದ ಒಂದು ಗುಂಡಿಯನ್ನು ಒತ್ತಿದರೆ ಹಾಡು ತಗ್ಗಿ, ಒಳಗಿದ್ದ ಮೈಕಿನ ಮೂಲಕ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ಜನ ಒಬ್ಬೊಬ್ಬರೇ ಕೇಳುವುದನ್ನು ಬಲುಬೇಗ ರೂಢಿಸಿಕೊಂಡರು, ಎರಡನೆಯ ತೂತು ಮುಂದಿನ ಮಾದರಿಗಳಿಂದ ಸದ್ದಿಲ್ಲದೆ ಮರೆಯಾಯಿತು. ಒಂದನ್ನು ಮುಚ್ಚಿದಾಗ ಯಾರೂ ತಕರಾರು ಮಾಡದಿದ್ದರೆ ಉಳಿದದ್ದಕ್ಕೂ ಒಂದು ದಿನ ಕೈ ಹಾಕುತ್ತಾರೆ ಎಂದು ಆಗಲೇ ಊಹಿಸಬೇಕಿತ್ತೋ ಏನೋ.

ಮೊಬೈಲಿಗೆ ಈ ತೂತು ಬಂದದ್ದಾದರೂ ಸಲೀಸಾಗಿ ಅಲ್ಲ. ಆರಂಭದ ಫೋನುಗಳಲ್ಲಿ ಕಂಪನಿಗೊಂದು ಬಗೆಯ ಪಿನ್ನು. ಒಬ್ಬರ ಇಯರ್‌ಫೋನು ಇನ್ನೊಬ್ಬರ ಫೋನಿಗೆ ಹೊಂದುತ್ತಿರಲಿಲ್ಲ. 2007ರ ಮೊದಲ ಐಫೋನಿನಲ್ಲಿ ತೂತೇನೋ ಇತ್ತು, ಆದರೆ ಅದನ್ನು ಎಷ್ಟು ಒಳಕ್ಕೆ ತಳ್ಳಿ ಕೂರಿಸಿದ್ದರೆಂದರೆ ದಪ್ಪ ಕತ್ತಿನ ಬಹಳಷ್ಟು ಪಿನ್ನುಗಳು ತಳ ಮುಟ್ಟುತ್ತಲೇ ಇರಲಿಲ್ಲ. 2008ರಲ್ಲಿ ಬಂದ ಮೊಟ್ಟಮೊದಲ ಆಂಡ್ರಾಯ್ಡ್ ಫೋನು, ಎಚ್‌ಟಿಸಿ ಕಂಪನಿಯದು, ಈ ತೂತೇ ಇಲ್ಲದೆ ಬಂದಿತ್ತು; ಹಾಡು ಕೇಳಬೇಕೆಂದರೆ ಅಡಾಪ್ಟರ್ ಸಿಕ್ಕಿಸಬೇಕಿತ್ತು. ಹಾಗಾಗಿ ತೂತಿಲ್ಲದ ಫೋನು ಹೊಸ ಯುಗದ ಆವಿಷ್ಕಾರವೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ನಡುವಿನ ಎಂಟು ಹತ್ತು ವರ್ಷ ಮಾತ್ರ ಎಲ್ಲರ ಫೋನಿಗೂ ಎಲ್ಲರ ಹೆಡ್‌ಫೋನೂ ಸೇರುವ ಸುಭಿಕ್ಷ ಕಾಲವೊಂದಿತ್ತು.

2016ರ ಸೆಪ್ಟೆಂಬರಿನಲ್ಲಿ ಐಫೋನ್ 7 ಬಂದಾಗ ಆ ಕಾಲ ಮುಗಿಯತೊಡಗಿತು. ಒಪ್ಪೊ, ಮೊಟೊರೋಲಾದಂಥವರು ಅದಕ್ಕೂ ಮೊದಲೇ ತೂತಿಲ್ಲದ ಫೋನುಗಳನ್ನು ತಂದಿದ್ದರೂ ಅವನ್ನು ಗಮನಿಸಿದವರು ಕಡಿಮೆ. ಅಪಕೀರ್ತಿಯೆಲ್ಲ ಆ್ಯಪಲ್ ಪಾಲಿಗೆ ಬಂದಿತು. ಅದಕ್ಕೆ ಕಾರಣ ತೂತನ್ನು ತೆಗೆದದ್ದಕ್ಕಿಂತ ಹೆಚ್ಚಾಗಿ, ತೆಗೆದದ್ದಕ್ಕೆ ಕೊಟ್ಟ ವಿವರಣೆ. ಕಂಪನಿಯ ಫಿಲ್ ಶಿಲ್ಲರ್ ವೇದಿಕೆಯ ಮೇಲೆ ನಿಂತು, ಇದಕ್ಕೆಲ್ಲ ಮೂಲ ಧೈರ್ಯ ಎಂದರು. ಯಾರಿಗೂ ಕಾಟ ಕೊಡದೆ ಮೂಲೆಯಲ್ಲಿದ್ದ ಒಂದು ತೂತನ್ನು ಮುಚ್ಚಲು ಎಷ್ಟು ಧೈರ್ಯ ಬೇಕು ಎಂದು ಜನ ನಕ್ಕರು. ನಗುವುದಕ್ಕೆ ಇನ್ನೊಂದು ಕಾರಣವನ್ನು ಆ ಫೋನಿನ ಅಂಚೇ ಒದಗಿಸಿತು. ದೊಡ್ಡ ತೂತು ಇದ್ದ ಜಾಗದಲ್ಲಿ ಸಣ್ಣ ತೂತುಗಳ ಒಂದು ಸಾಲನ್ನೇ ಕೊರೆದಿದ್ದರು. ಆಚೆ ಬದಿಯ ಸಾಲಿನ ಹಿಂದೆ ಸ್ಪೀಕರ್ ಇತ್ತು, ಈ ಬದಿಯ ಸಾಲಿನ ಹಿಂದೆ ಇರಲಿಲ್ಲ. ಒಂದನ್ನು ಕಳೆದು ಹಲವನ್ನು ಕೂಡಿಸುವ ಈ ಲೆಕ್ಕದಲ್ಲಿ ಜಾಗದ ಉಳಿತಾಯ ಎಲ್ಲಾಯಿತೆಂದು ಹೊರಗಿನಿಂದ ನೋಡುವವರಿಗೆ ತಿಳಿಯುವಂತಿರಲಿಲ್ಲ.

ನಕ್ಕವರಲ್ಲಿ ಎದುರಾಳಿ ಕಂಪನಿಗಳೂ ಇದ್ದವು. ಗೂಗಲ್ ಅದೇ ವರ್ಷ ಬಿಟ್ಟ ತನ್ನ ಪಿಕ್ಸೆಲ್ ಫೋನಿನ ಜಾಹೀರಾತಿನಲ್ಲಿ, ನಮ್ಮಲ್ಲಿ ಹೆಡ್‌ಫೋನಿನ ತೂತು ಇದೆ ಎಂದು ಕುಟುಕಿತು. ಮರುವರ್ಷದ ಪಿಕ್ಸೆಲ್ 2ರಲ್ಲಿ ಅದೂ ಇರಲಿಲ್ಲ. ಸ್ಯಾಮ್‌ಸಂಗ್ ಸ್ವಲ್ಪ ಹೆಚ್ಚು ದಿನ ನಕ್ಕು, 2019ರಲ್ಲಿ ಗ್ಯಾಲಕ್ಸಿ ನೋಟ್ 10ರಿಂದ ತೆಗೆದುಹಾಕಿತು. ಮಾರುಕಟ್ಟೆಯಲ್ಲಿ ಗೇಲಿಗೂ ಅನುಕರಣೆಗೂ ನಡುವೆ ಒಂದೆರಡು ವರ್ಷದ ಅಂತರವಷ್ಟೇ.

ತೆಗೆದವರ ವಾದವನ್ನೂ ಕೇಳಬೇಕು. ಪಿನ್ನಿನ ಉದ್ದ ಸುಮಾರು 14 ಮಿ.ಮೀ.; ಅದಕ್ಕೆ ತಕ್ಕ ಗೂಡನ್ನು ಫೋನಿನೊಳಗೆ ಕಟ್ಟಿದರೆ ಬ್ಯಾಟರಿಗೋ ಕ್ಯಾಮೆರಾಕ್ಕೋ ಕಂಪನದ ಮೋಟರಿಗೋ ಆಗಬಹುದಾದ ಜಾಗ ಅಷ್ಟು ಕಡಿಮೆಯಾಗುತ್ತದೆ ಎಂಬುದು ನಿಜ. ನೀರು ನುಗ್ಗುತ್ತದೆ ಎಂಬ ಮಾತು ಮಾತ್ರ ಅಷ್ಟು ಗಟ್ಟಿಯಲ್ಲ. ಐಫೋನ್ 7 ಬಂದ ವರ್ಷವೇ ಬಂದಿದ್ದ ಗ್ಯಾಲಕ್ಸಿ ಎಸ್7 ಆ ತೂತನ್ನು ಇಟ್ಟುಕೊಂಡೇ ನೀರಿನಲ್ಲಿ ಮುಳುಗಿ ಏಳುತ್ತಿತ್ತು. ಜಾಗದ ವಾದವನ್ನೂ ಪರೀಕ್ಷಿಸಲು ಚೀನಾದ ಶೆಂಜೆನ್ ನಗರದಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರೊಬ್ಬರು 2017ರಲ್ಲಿ ತಮ್ಮ ಐಫೋನ್ 7ರ ಹೊಟ್ಟೆ ಬಗೆದು, ತೂತು ಕೊರೆದು, ಅದರಿಂದ ಹಾಡು ಹೊರಡುವಂತೆ ಮಾಡಿದರು. ಹಠವೆಂದರೆ ಅದು. ಆದರೆ ಆ್ಯಪಲ್ ತೂತು ತೆಗೆದ ದಿನವೇ, ಅದೇ ವೇದಿಕೆಯ ಮೇಲೆ, ತಂತಿಯಿಲ್ಲದ ಏರ್‌ಪಾಡ್‌ಗಳನ್ನೂ ಪ್ರದರ್ಶಿಸಿತು ಎಂಬುದನ್ನು ನೆನೆದರೆ ಜಾಗ, ನೀರು, ಧೈರ್ಯಗಳ ಚರ್ಚೆಗೆ ಅಷ್ಟು ಹೊತ್ತು ವ್ಯಯಿಸಬೇಕಾಗಿಲ್ಲ ಅನಿಸುತ್ತದೆ.

ನನಗೆ ಆ ತೂತಿನಲ್ಲಿ ಹಿಡಿಸುತ್ತಿದ್ದದ್ದು ಅದರ ಧ್ವನಿಯ ಗುಣಮಟ್ಟವಲ್ಲ. ಒಂದೇ ಹಾಡನ್ನು ತಂತಿಯಲ್ಲಿಯೂ ಬ್ಲೂಟೂತಿನಲ್ಲಿಯೂ ಕೇಳಿಸಿ ಯಾವುದು ಯಾವುದೆಂದು ಕೇಳಿದರೆ ಬಹುಪಾಲು ಕಿವಿಗಳು ತಡವರಿಸುತ್ತವೆ, ನನ್ನವೂ ಅದಕ್ಕೆ ಹೊರತಲ್ಲ. ಹಿಡಿಸುತ್ತಿದ್ದದ್ದು, ಅದು ಬಂದವರನ್ನು ನೀವು ಯಾರು ಎಂದು ಕೇಳುತ್ತಿರಲಿಲ್ಲ ಎಂಬುದು. ಪಿನ್ನಿನ ಮೈಮೇಲಿನ ಕಪ್ಪು ಪಟ್ಟಿಗಳು ಲೋಹವನ್ನು ಭಾಗ ಮಾಡಿರುತ್ತವೆ: ಮೊನೆ ಎಡಗಿವಿಗೆ, ಅದರ ಹಿಂದಿನ ಬಳೆ ಬಲಗಿವಿಗೆ, ಉಳಿದ ಭಾಗ ವಿದ್ಯುತ್ತು ಮರಳುವ ದಾರಿಗೆ, ಮೈಕು ಇದ್ದರೆ ಅದಕ್ಕೊಂದು ಹೆಚ್ಚಿನ ಬಳೆ. ಫೋನು ತನ್ನೊಳಗಿನ ಅಂಕಿಗಳನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸಿ ತಂತಿಗೆ ಬಿಡುತ್ತದೆ, ಆ ಏರಿಳಿತವೇ ಕಿವಿಯ ಬಳಿಯ ತೆಳು ಪೊರೆಯನ್ನು ಅಲುಗಿಸುತ್ತದೆ, ಮುಗಿಯಿತು. ಇದರಲ್ಲಿ ಯಾರ ಹೆಸರೂ ಗುರುತೂ ಬೇಕಿಲ್ಲ, ಒಪ್ಪಿಗೆಯ ಗುಂಡಿಯಿಲ್ಲ, ತಂತ್ರಾಂಶದ ಹೊಸ ಆವೃತ್ತಿಗೆ ಕಾಯುವುದಿಲ್ಲ. ಅರುವತ್ತರ ದಶಕದ ರೇಡಿಯೊಕ್ಕೆಂದು ಮಾಡಿದ ಇಯರ್‌ಫೋನನ್ನು ಐವತ್ತು ವರ್ಷದ ಅನಂತರದ ಫೋನಿಗೆ ಚುಚ್ಚಿದರೂ, ಒಂದೇ ಕಿವಿಗಾದರೂ ಸರಿ, ಅದು ಹಾಡಿಬಿಡುತ್ತಿತ್ತು.

ಹಾಡು ಮಾತ್ರವಲ್ಲ, ಅದೇ ತೂತನ್ನು ಬೇರೆಯವರು ಬೇರೆ ಕೆಲಸಗಳಿಗೂ ದುಡಿಸಿಕೊಂಡರು. ಅಮೆರಿಕದ ಸ್ಕ್ವೇರ್ ಕಂಪನಿ ಬ್ಯಾಂಕಿನ ಕಾರ್ಡನ್ನು ಉಜ್ಜುವ ಪುಟ್ಟ ಯಂತ್ರವನ್ನು ಅದಕ್ಕೇ ಸಿಕ್ಕಿಸಿ, ಕಾರ್ಡಿನ ಕಾಂತಪಟ್ಟಿಯಲ್ಲಿದ್ದ ಮಾಹಿತಿಯನ್ನು ಸದ್ದಿನ ರೂಪದಲ್ಲಿ ಫೋನಿಗೆ ಉಣಿಸಿತು. ಸೆಲ್ಫಿ ಕೋಲಿನ ಗುಂಡಿ ಒತ್ತಿದ್ದನ್ನು ಕ್ಯಾಮೆರಾಕ್ಕೆ ತಿಳಿಸುತ್ತಿದ್ದುದೂ ಈ ತೂತೇ. ಯಾರ ಪರವಾನಗಿಯನ್ನೂ ಕೇಳದೆ ಫೋನಿನೊಡನೆ ವ್ಯವಹರಿಸಲು ಅಂಥ ಇನ್ನೊಂದು ಬಾಗಿಲು ಫೋನಿನಲ್ಲಿ ಇರಲಿಲ್ಲ.

ತಂತಿಯ ಇನ್ನೊಂದು ಉಪಕಾರವನ್ನು ಅದು ಹೋದ ಮೇಲೆ ಮಾತ್ರ ಅನೇಕರು ಅರಿತರು. ಫೋನಿನಲ್ಲಿ ಎಫ್‌ಎಂ ರೇಡಿಯೊ ತೆರೆದರೆ, ಮೊದಲು ಇಯರ್‌ಫೋನ್ ಸಿಕ್ಕಿಸಿ ಎಂದು ಅದು ಕೇಳುತ್ತಿತ್ತು. ಪಕ್ಕದವರಿಗೆ ತೊಂದರೆಯಾಗದಿರಲಿ ಎಂಬ ಸೌಜನ್ಯವಲ್ಲ ಅದು. ಎಫ್‌ಎಂ ಅಲೆಗಳ ಉದ್ದ ಹೆಚ್ಚುಕಡಿಮೆ ಮೂರು ಮೀಟರು. ಅವನ್ನು ಹಿಡಿಯಲು ಅದರ ಕಾಲು ಭಾಗದಷ್ಟಾದರೂ ಉದ್ದದ ಲೋಹ ಇದ್ದರೆ ಒಳ್ಳೆಯದು. ಅಂಗೈಯಗಲದ ಫೋನಿನೊಳಗೆ ಅದಕ್ಕೆ ಎಡೆಯೆಲ್ಲಿ? ಕಿವಿಯಿಂದ ಜೇಬಿನವರೆಗೆ ಇಳಿಬಿದ್ದ ತಂತಿಯೇ ಆಂಟೆನಾ ಆಗಿತ್ತು. ಇಂಟರ್‌ನೆಟ್ ಇಲ್ಲದೆಯೂ ಕೇಳಬಹುದಾಗಿದ್ದ ಒಂದು ಮಾಧ್ಯಮ ಹೀಗೆ, ಯಾರೂ ಅದರ ಬಗ್ಗೆ ಭಾಷಣ ಮಾಡದೆಯೇ, ಎಷ್ಟೋ ಫೋನುಗಳಲ್ಲಿ ದನಿ ಕಳೆದುಕೊಂಡಿತು.

ಹೀಗೆಂದು ತಂತಿಯನ್ನು ಹಾಡಿ ಹೊಗಳಲಾರೆ. ಜೇಬಿಗೆ ಹಾಕಿದಾಗ ನೆಟ್ಟಗಿದ್ದ ಅದು ಹೊರಬರುವಾಗ ಹಲವು ಗಂಟುಗಳೊಡನೆ ಬರುತ್ತಿತ್ತು, ಆ ಗಂಟುಗಳನ್ನು ಹಾಕಿದವರು ಯಾರೆಂಬುದು ಜೇಬಿಗೇ ಗೊತ್ತು. ಇದು ಬಳಸುವವರ ಅಜಾಗರೂಕತೆಯಲ್ಲ, ಭೌತಶಾಸ್ತ್ರ. ಕ್ಯಾಲಿಫೋರ್ನಿಯಾದ ಸಂಶೋಧಕರಾದ ಡೋರಿಯನ್ ರೇಮರ್ ಮತ್ತು ಡಗ್ಲಸ್ ಸ್ಮಿತ್ 2007ರಲ್ಲಿ ದಾರಗಳನ್ನು ಪೆಟ್ಟಿಗೆಯಲ್ಲಿ ಹಾಕಿ ಉರುಳಿಸಿ, ಸಾಕಷ್ಟು ಉದ್ದವಿದ್ದರೆ ಕೆಲವೇ ಸೆಕೆಂಡುಗಳಲ್ಲಿ ದಾರ ತನ್ನಷ್ಟಕ್ಕೆ ತಾನೇ ಗಂಟು ಹಾಕಿಕೊಳ್ಳುತ್ತದೆಂದು ತೋರಿಸಿದರು. ಮರುವರ್ಷ ಅದಕ್ಕೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್‌ನೊಬೆಲ್ ಬಹುಮಾನವೂ ಬಂದಿತು. ಬಾಗಿಲ ಚಿಲಕಕ್ಕೆ ಸಿಕ್ಕಿ ಕಿವಿಯನ್ನೇ ಎಳೆಯುವುದು, ಪಿನ್ನಿನ ಬುಡದಲ್ಲಿ ತಂತಿ ಸವೆದು ಒಂದು ನಿರ್ದಿಷ್ಟ ಕೋನದಲ್ಲಿ ಹಿಡಿದರೆ ಮಾತ್ರ ಎಡಗಿವಿಗೆ ಕೇಳಿಸುವುದು, ತೂತಿನಲ್ಲಿ ಜೇಬಿನ ಹಿಂಜು ತುಂಬುವುದು, ಇವೆಲ್ಲ ಇದ್ದವು. ಓಡುವವರಿಗೆ, ಅಡುಗೆಮನೆಯಲ್ಲಿ ಎರಡೂ ಕೈ ಕೆಲಸದಲ್ಲಿರುವವರಿಗೆ ತಂತಿಯಿಲ್ಲದ್ದು ವರವೇ ಸರಿ.

ಆದರೆ ಆ ವರಕ್ಕೆ ಆಯುಸ್ಸು ಬರೆದಿರುತ್ತದೆ. ಎಡಗಿವಿಗೊಂದು, ಬಲಗಿವಿಗೊಂದು, ಅವು ಮಲಗುವ ಡಬ್ಬಿಗೊಂದು ಎಂದು ಒಟ್ಟು ಮೂರು ಲಿಥಿಯಂ ಬ್ಯಾಟರಿಗಳು. ಪ್ರತಿ ಸಲ ಚಾರ್ಜ್ ಆದಾಗಲೂ ಅವುಗಳ ಕಸುವು ಕೂದಲೆಳೆಯಷ್ಟು ಕುಂದುತ್ತದೆ. ಕೆಲವು ವರ್ಷಗಳಲ್ಲಿ ಗಂಟೆಗಟ್ಟಲೆ ಹಾಡುತ್ತಿದ್ದದ್ದು ನಿಮಿಷಗಳಿಗೆ ಇಳಿಯುತ್ತದೆ. ಅಂಟು ಹಾಕಿ ಮುಚ್ಚಿದ ಕಡಲೆಗಾತ್ರದ ಆ ವಸ್ತುವನ್ನು ಬಿಚ್ಚಿ ಬ್ಯಾಟರಿ ಬದಲಿಸುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ. ಸ್ಪೀಕರ್ ಚೆನ್ನಾಗಿಯೇ ಇರುತ್ತದೆ, ಅಯಸ್ಕಾಂತ ಚೆನ್ನಾಗಿಯೇ ಇರುತ್ತದೆ, ಎಲ್ಲವೂ ಒಟ್ಟಿಗೆ ಕಸಕ್ಕೆ ಹೋಗುತ್ತವೆ. ಬ್ಯಾಟರಿಯೇ ಇಲ್ಲದ ತಂತಿಯ ಹೆಡ್‌ಫೋನಿಗೆ ಇಂಥ ಸಾವು ಇರಲಿಲ್ಲ. ಅದು ಗಾಯದಿಂದ ಸಾಯುತ್ತಿತ್ತೇ ಹೊರತು ಮುಪ್ಪಿನಿಂದಲ್ಲ.

ಬ್ಲೂಟೂತಿಗೆ ಸ್ವಲ್ಪ ತಡವಾಗಿ ಮಾತಾಡುವ ಅಭ್ಯಾಸವೂ ಇದೆ. ಧ್ವನಿಯನ್ನು ಕುಗ್ಗಿಸಿ, ಕಂತು ಕಂತಾಗಿ ಕಳಿಸಿ, ಆಚೆ ಬದಿಯಲ್ಲಿ ಹಿಗ್ಗಿಸುವಷ್ಟರಲ್ಲಿ ಕ್ಷಣದ ಒಂದಂಶ ಕಳೆದಿರುತ್ತದೆ. ಸಿನಿಮಾ ತೋರಿಸುವ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಇದನ್ನು ಮರೆಮಾಚುತ್ತವೆ. ಪರದೆಯ ಮೇಲಿನ ಕೀಬೋರ್ಡಿನಲ್ಲಿ ರಾಗ ನುಡಿಸಲು ಹೊರಟವರಿಗೆ ಮರೆಮಾಚಲು ಬರುವುದಿಲ್ಲ. ಬೆರಳು ಮುಟ್ಟಿದ ಸ್ವರ ಕಿವಿಗೆ ಬರುವಷ್ಟರಲ್ಲಿ ಬೆರಳು ಮುಂದಿನ ಸ್ವರದಲ್ಲಿರುತ್ತದೆ. ಸಂಗೀತ ಮಾಡುವವರು, ಧ್ವನಿಮುದ್ರಣ ಮಾಡುವವರು ತಂತಿಯನ್ನು ಬಿಡದಿರುವುದಕ್ಕೆ ಹಳೆಯದರ ವ್ಯಾಮೋಹ ಕಾರಣವಲ್ಲ. ಧೈರ್ಯದ ಮಾತಾಡಿದ ಕಂಪನಿಯೂ ತನ್ನ ಲ್ಯಾಪ್‌ಟಾಪುಗಳ ತೂತಿಗೆ ಕೈ ಹಚ್ಚಿಲ್ಲ. 2021ರ ಮ್ಯಾಕ್‌ಬುಕ್ ಪ್ರೊದಲ್ಲಿ ದೊಡ್ಡ ಹೆಡ್‌ಫೋನುಗಳಿಗೂ ತಕ್ಕಷ್ಟು ಬಲ ಬರುವಂತೆ ಅದನ್ನು ಸುಧಾರಿಸಿತು ಕೂಡ. ಸೋನಿ 2018ರಲ್ಲಿ ತನ್ನ ಎಕ್ಸ್‌ಪೀರಿಯಾ ಫೋನುಗಳಿಂದ ತೆಗೆದ ತೂತನ್ನು 2020ರಲ್ಲಿ ಮರಳಿ ತಂದಿತು. ಹಿಂದಕ್ಕೆ ಬರುವುದಕ್ಕೂ ಧೈರ್ಯ ಬೇಕು, ಆದರೆ ಅದಕ್ಕೆ ಯಾರೂ ವೇದಿಕೆ ಹಾಕುವುದಿಲ್ಲ.

ಉಳಿದವರ ಪಾಲಿಗೆ ಇರುವುದು ಅಡಾಪ್ಟರ್ ಎಂಬ ಗೇಣುದ್ದಕ್ಕೂ ಕಡಿಮೆಯ ಬಾಲ. ನೋಡಲು ಒಂದೇ ಥರ ಇರುವ ಟೈಪ್-ಸಿ ಅಡಾಪ್ಟರುಗಳಲ್ಲಿ ಎರಡು ಜಾತಿ: ಒಂದರೊಳಗೆ ಅಂಕಿಯನ್ನು ಧ್ವನಿಯ ಅಲೆಯಾಗಿಸುವ ಚಿಪ್ ಇರುತ್ತದೆ, ಇನ್ನೊಂದು ಬರಿಯ ತಂತಿ, ಆ ಕೆಲಸವನ್ನು ಫೋನೇ ಮಾಡಿಕೊಡಲಿ ಎಂದು ಕಾಯುತ್ತದೆ. ಮಾಡಿಕೊಡದ ಫೋನಿಗೆ ಅದನ್ನು ಸಿಕ್ಕಿಸಿದರೆ ಮೌನ. ಐಫೋನ್ 7ರ ಡಬ್ಬಿಯಲ್ಲಿ ಪುಕ್ಕಟೆಯಾಗಿ ಬರುತ್ತಿದ್ದ ಅಡಾಪ್ಟರ್ 2018ರ ಮಾದರಿಗಳ ಡಬ್ಬಿಯಲ್ಲಿ ಇರಲಿಲ್ಲ. 2020ರಲ್ಲಿ ಇಯರ್‌ಫೋನೂ ಹೋಯಿತು, ಚಾರ್ಜರೂ ಹೋಯಿತು, ಡಬ್ಬಿ ತೆಳ್ಳಗಾಯಿತು.

ಈಚೆಗೆ ಹರೆಯದವರ ಕಿವಿಗಳಲ್ಲಿ ತಂತಿ ಮತ್ತೆ ಕಾಣಿಸಿಕೊಳ್ಳುತ್ತಿದೆ. ಕೆಲವರಿಗೆ ಅದು ಅಲಂಕಾರ, ಕೆಲವರಿಗೆ ಚಾರ್ಜ್ ಮಾಡುವ ರಗಳೆಯಿಂದ ಬಿಡುಗಡೆ. ಕಾರಣ ಏನೇ ಇದ್ದರೂ ನನ್ನ ಪಂಗಡ ಬೆಳೆಯುತ್ತಿದೆ ಎಂದು ಹಿಗ್ಗಬೇಕು. ಹಿಗ್ಗಲಾಗದಿರುವುದು ಅದರ ತುದಿಯನ್ನು ನೋಡಿದಾಗ. ಅಲ್ಲಿರುವುದು ದುಂಡು ಪಿನ್ನಲ್ಲ, ಚಪ್ಪಟೆ ಟೈಪ್-ಸಿ. ಐರೋಪ್ಯ ಒಕ್ಕೂಟ 2024ರ ಡಿಸೆಂಬರಿನಿಂದ ಹೊಸ ಫೋನುಗಳಿಗೆಲ್ಲ ಟೈಪ್-ಸಿ ಕಿಂಡಿಯನ್ನೇ ಕಡ್ಡಾಯ ಮಾಡಿದ ಮೇಲೆ, ಎಲ್ಲರಿಗೂ ಒಂದೇ ಕಿಂಡಿ ಎಂಬ ಹಳೆಯ ಸೌಕರ್ಯ ಇನ್ನೊಂದು ರೂಪದಲ್ಲಿ ಬಂದಿದೆ ಎನ್ನಬಹುದು. ಆದರೆ ಫೋನಿಗೆ ಈಗ ಉಣ್ಣುವ ಬಾಯಿಯೂ ಹಾಡುವ ಬಾಯಿಯೂ ಒಂದೇ. ತಂತಿಯಲ್ಲಿ ಹಾಡು ಕೇಳುತ್ತಿರುವಾಗ ಬ್ಯಾಟರಿ ನೂರಕ್ಕೆ ನಾಲ್ಕಕ್ಕೆ ಇಳಿದರೆ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು, ಇಲ್ಲವೇ ಒಂದು ಕಿಂಡಿಯನ್ನು ಎರಡಾಗಿ ಕವಲೊಡೆಸುವ ಮತ್ತೊಂದು ಅಡಾಪ್ಟರನ್ನು ಕೊಳ್ಳಬೇಕು. ಆ ಅಡಾಪ್ಟರನ್ನು ನಾನು ನೋಡಿದ್ದೇನೆ. ಅದರ ಒಂದು ಕವಲಿನ ತುದಿಯಲ್ಲಿ ಚಾರ್ಜಿನ ಕಿಂಡಿಯಿದೆ. ಇನ್ನೊಂದರ ತುದಿಯಲ್ಲಿ, ಫೋನಿನೊಳಗೆ ಜಾಗವಿಲ್ಲವೆಂದು ಹೊರಹಾಕಿದ ದುಂಡನೆಯ ತೂತನ್ನೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಪ್ರತ್ಯೇಕವಾಗಿ ಮಾರುತ್ತಿದ್ದಾರೆ.