ಸತ್ಯಾಂಶ: ಭೇದಿಯಾದ ಮಗುವಿಗೆ ನೀರು ಕೊಡಬಾರದಾ?

"ಭೇದಿ ಆಗ್ತಿದ್ದರೆ ಮಗುವಿಗೆ ನೀರು ಕೊಡಬೇಡಿ, ಇನ್ನೂ ಜಾಸ್ತಿ ಆಗುತ್ತೆ" ಅನ್ನೋ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ನೀರು ನಿಲ್ಲಿಸಿದರೆ ಭೇದಿ ನಿಲ್ಲುವುದಿಲ್ಲ, ಮೈಯ ನೀರು ಬತ್ತುತ್ತದೆ ಅಷ್ಟೇ. ಆಸ್ಪತ್ರೆ ದೂರವಿದ್ದು, ಮಗು ಮೊದಲೇ ಸೊರಗಿದ್ದರೆ ಜೀವಕ್ಕೇ ಕುತ್ತು.

ಇಂಥ ಮಗುವಿಗೆ ಕುಡಿಸಬೇಕಾದದ್ದು ಓಆರ್‌ಎಸ್, ಅಂದರೆ ಸಕ್ಕರೆ, ಉಪ್ಪು ಬೆರೆಸಿದ ನೀರು. ಅದು ಹೇಗೆ ಕೆಲಸ ಮಾಡುತ್ತದೆ? ಕರುಳು ಸಕ್ಕರೆಯ ಜೊತೆ ಉಪ್ಪನ್ನೂ ಒಳಗೆಳೆದುಕೊಳ್ಳುತ್ತದೆ, ಹಿಂದೆಯೇ ನೀರೂ ಹೋಗುತ್ತದೆ. ಭೇದಿಯಲ್ಲೂ ಈ ದಾರಿ ಮುಚ್ಚುವುದಿಲ್ಲ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎಲ್ಲಾ ಮಟ್ಟಸ ಚಮಚ. ಉಪ್ಪನ್ನು ಸುಮ್ನೆ ಕೈಯಂದಾಜಲ್ಲಿ ಹಾಕಬೇಡಿ, ಜಾಸ್ತಿಯಾದರೆ ಅದೇ ಅಪಾಯ.

ವಾಂತಿಯಾದರೆ 10 ನಿಮಿಷ ಬಿಟ್ಟು, ಮತ್ತೆ ಚಮಚ ಚಮಚವಾಗಿ ಕುಡಿಸಿ. ಎದೆಹಾಲು, ಊಟ ನಿಲ್ಲಿಸಬೇಡಿ. ಕಣ್ಣು ಒಳಗೆ ಹೋಗಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿಯೋಕೂ ಆಗದಿದ್ದರೆ ತಕ್ಷಣ ಡಾಕ್ಟರ್ ಹತ್ತಿರ ಹೋಗಿ.