ಆಫೀಸರ್ ಒಬ್ರು, ಡ್ಯೂಟಿ ಇಬ್ರಿಗೆ

ಆರ್ಮಿ ಆಫೀಸರ್ ಹೆಂಡ್ತಿ ಆಗೋಕೆ ಎಕ್ಸಾಮ್ ಇಲ್ಲ, ಆಫೀಸರ್‌ಗಳನ್ನ ಆರಿಸೋ ಎಸ್‌ಎಸ್‌ಬಿ ಇಂಟರ್ವ್ಯೂನೂ ಇಲ್ಲ, ತಾಳಿ ಬಿದ್ದ ಮರುದಿನದಿಂದ್ಲೇ ರ‍್ಯಾಂಕ್ ಫ್ರೀ. ಗಂಡ ಕ್ಯಾಪ್ಟನ್ ಆದ್ರೆ ಸೋಫಾದ ಈ ತುದಿ, ಕರ್ನಲ್ ಆದ್ರೆ ನಟ್ಟನಡುವೆ. ನೀವು ಸಿಎನೋ, ನಿಮ್ಹಾನ್ಸ್‌ನಲ್ಲಿ ಓದಿದ ಸೈಕಾಲಜಿಸ್ಟೋ, ಅದೆಲ್ಲ ಯಾರಿಗ್ ಬೇಕು ಸ್ವಾಮಿ, ಸಿಒ, ಅಂದ್ರೆ ಯೂನಿಟ್‌ನ ಕಮಾಂಡಿಂಗ್ ಆಫೀಸರ್, ಅವ್ರ ಮನೆಯವ್ರು ಕೇಳೋದು "ಗುರುವಾರ ಲೇಡೀಸ್ ಮೀಟ್‌ಗೆ ತಂಬೋಲಾ ಆಟ ನಡೆಸೋದು ನಿಮ್ದೇ ಅಲ್ವಾ" ಅಂತ. ಆವತ್ತು ಆಫೀಸ್ ಇದೆ ಮ್ಯಾಮ್ ಅಂದ್ರೆ ಮುಗೀತು, "ಓ... ಜಾಬ್ ಮಾಡ್ತೀರಾ", ಥೇಟ್ ಎಷ್ಟು ದಿನದಿಂದ ಜ್ವರ ಅಂತ ಕೇಳೋ ದನಿ.

ಎರಡು-ಮೂರು ವರ್ಷಕ್ಕೊಂದು ಪೋಸ್ಟಿಂಗ್. ಹೆಸರು, ರ‍್ಯಾಂಕ್ ಪೇಂಟ್ ಮಾಡಿರೋ ಕಪ್ಪು ಟ್ರಂಕುಗಳಲ್ಲಿ ಕುಕ್ಕರಿಂದ ಕರ್ಟನ್ ತನಕ ಎಲ್ಲಾ ಹಿಡಿಸುತ್ತೆ, ಹೆಂಡ್ತಿ ಪ್ರಮೋಷನ್ ಒಂದು ಬಿಟ್ಟು. ಬೆಂಗಳೂರಲ್ಲಿ ಟೀಮ್ ಲೀಡ್ ಆಗಿದ್ದವ್ರು ಅಸ್ಸಾಂನ ತೇಜ್‌ಪುರದ ಸ್ಕೂಲಲ್ಲಿ ಅಡ್‌ಹಾಕ್ ಟೀಚರ್, ಅಲ್ಲಿ ಕಾಲೂರೋಷ್ಟರಲ್ಲಿ ನಡೀರಿ ಭಟಿಂಡಾಗೆ. ರಾಜ್ಯ ಸರ್ಕಾರದ ಕೆಲ್ಸ ಆದ್ರಂತೂ ಕೇಳ್ಲೇಬೇಡಿ, ಶಿವಮೊಗ್ಗದ ಪಿಯು ಲೆಕ್ಚರರನ್ನ ಅಸ್ಸಾಂ ಸರ್ಕಾರ ಯಾಕೆ ಇಟ್ಕೊಳ್ಳುತ್ತೆ? ಗಂಡನ್ನ ಫೀಲ್ಡ್‌ಗೆ, ಅಂದ್ರೆ ಬಾರ್ಡರ್ ಥರದ ಜಾಗಕ್ಕೆ ಹಾಕಿದ್ರೆ ಮಾತ್ರ ಸ್ವಲ್ಪ ಪುಣ್ಯ, ಅಲ್ಲಿಗೆ ಫ್ಯಾಮಿಲಿ ಬಿಡಲ್ಲ, ಹಾಗಾಗಿ ಇವ್ರು ಒಂದೇ ಊರಲ್ಲಿ ಕೂತು ಕೆಲ್ಸ ಮಾಡ್ಬಹುದು. ಅಂದ್ರೆ ಹೆಂಡ್ತಿ ಕರಿಯರ್ ಉದ್ಧಾರ ಆಗೋಕೆ ಬಾರ್ಡರಲ್ಲಿ ಟೆನ್ಷನ್ ಇರ್ಬೇಕು ಅಂತಾಯ್ತು!

ಇದಕ್ಕೆ ಇತಿಹಾಸಾನೂ ಇದೆ ಬಿಡಿ. ಮದುವೆ ಆದ ತಪ್ಪಿಗೆ ಮಿಲಿಟರಿ ನರ್ಸಿಂಗ್ ಆಫೀಸರ್ ಒಬ್ರನ್ನ 1988ರಲ್ಲಿ ಮನೆಗೆ ಕಳಿಸಿದ್ರು, ಹಾಗೆ ತೆಗೆಯೋಕೆ ರೂಲೇ ಇತ್ತು, ಅದನ್ನ ಕೈಬಿಟ್ಟಿದ್ದು 1995ರಲ್ಲಿ. ಆಯಮ್ಮಂಗೆ 60 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2024ರಲ್ಲಿ, ಅಷ್ಟೊತ್ತಿಗೆ ಇನ್ಯಾವ ಡ್ಯೂಟಿಗೆ ಹೋಗೋದು. ಲೇಡಿ ಆಫೀಸರ್‌ಗಳಿಗೂ ರಿಟೈರ್ ಆಗೋ ತನಕ ಸರ್ವಿಸ್ ಕೊಡಿ ಅನ್ನೋ 2020ರ ಪರ್ಮನೆಂಟ್ ಕಮಿಷನ್ ಕೇಸಲ್ಲೂ ಸರ್ಕಾರದ ಕಡೆಯವ್ರು ಬಸಿರು, ಬಾಣಂತನ, ಮನೆ-ಮಕ್ಕಳ ಜವಾಬ್ದಾರಿ ಅಂತ ರಾಗ ಎಳೆದ್ರು, ಕೋರ್ಟ್ ಸೊಪ್ಪು ಹಾಕ್ಲಿಲ್ಲ. ಗಂಡಸು ಆಫೀಸರ್‌ಗೆ ಮನೆ-ಮಕ್ಕಳು ಇರಲ್ವಾ ಅಂದ್ರೆ ಇರ್ತಾರೆ ಕಣ್ರೀ, ಅವ್ರನ್ನ ನೋಡ್ಕೊಳ್ಳೋಕೆ ತಾನೆ ಆ ಸಿಎ ಕೆಲ್ಸ ಬಿಟ್ಟಿದ್ದು.

ಈಗ ಲೇಡಿ ಆಫೀಸರ್‌ಗಳೇ ಕರ್ನಲ್ ಆಗಿ ಯೂನಿಟ್ ಕಮಾಂಡ್ ಮಾಡ್ತಿದಾರೆ, ತುಂಬಾ ಸಂತೋಷ. ಸಿಒ ಹೆಂಡ್ತಿ ಸಂಬಳ ಇಲ್ದೆ ಮಾಡ್ಕೊಂಡು ಬಂದಿರೋ ಜವಾನರ ಫ್ಯಾಮಿಲಿ ವೆಲ್‌ಫೇರ್ ಕೆಲ್ಸಾನ ಇನ್ಮೇಲೆ ಸಿಒ ಗಂಡ ಮಾಡ್ತಾರಾ ಅಂತ ಕೇಳಿ ನೋಡಿ, ಇಡೀ ಕಂಟೋನ್ಮೆಂಟ್ ಒಂದೇ ದನಿಯಲ್ಲಿ ಹೇಳುತ್ತೆ: "ಛೇ, ಪಾಪ, ಅವ್ರಿಗೆ ಆಫೀಸ್ ಇರುತ್ತಲ್ವಾ."